ಡಿಕ್ಕಿಯೋ, ಸೀಟಿನ ಕೆಳಗೋ? ಕಾರಿಗೆ ಆಂಪ್ಲಿಫೈಯರ್ ಕೂಡಿಸುವ ಮುನ್ನ

ಕಾರಿನಲ್ಲಿ ಹಾಡು ಜೋರಾಗಿ ಕೇಳಬೇಕೆಂದು ಅಂಗಡಿಗೆ ಹೋದವರು ಕೇಳುವ ಮೊದಲ ಪ್ರಶ್ನೆ, 'ಎಷ್ಟು ವ್ಯಾಟ್ ಐತ್ರಿ?'. ಎರಡನೆಯದು, 'ಎಲ್ಲಾ ಕೂಡಿ ಎಷ್ಟಾಗ್ತದ?'. 'ಇದನ್ನ ಎಲ್ಲಿ ಕೂಡಸ್ತೀರಿ?' ಎಂಬ ಮೂರನೆಯ ಪ್ರಶ್ನೆ ನೆನಪಾಗುವ ಹೊತ್ತಿಗೆ ಅರ್ಧ ತಂತಿ ಎಳೆದಾಗಿರುತ್ತದೆ. ಎಲ್ಲಿ ಜಾಗ ಕಂಡಿತೋ ಅಲ್ಲಿ ನಾಲ್ಕು ಸ್ಕ್ರೂ ಬಿಗಿದು, ಮೇಲೊಂದು ಮ್ಯಾಟು ಹೊದಿಸಿ, ಹಾಡು ಹಚ್ಚಿ ಕೊಟ್ಟುಬಿಡುತ್ತಾರೆ. ಮನೆಯವರು ಖುಷಿಯಿಂದ ಊರಿಗೆ ಹೊರಡುತ್ತಾರೆ. ನಿಜವಾಗಿ ನೋಡಿದರೆ ವ್ಯಾಟಿಗಿಂತ, ಬೆಲೆಗಿಂತ ಮುಖ್ಯವಾದದ್ದು ಆ ಮೂರನೆಯ ಪ್ರಶ್ನೆಯೇ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ಇದು ಕಾರಿನವರ ಶೋಕಿಯ ಮಾತಷ್ಟೇ ಅಲ್ಲ. ಇಲ್ಲಿ ಹಾಡಿಲ್ಲದ ಗಾಡಿಯೇ ಅಪರೂಪ. ಕಬ್ಬಿನ ಟ್ರ್ಯಾಕ್ಟರಿನಲ್ಲಿ ಹಾಡು, ಎಲ್ಲಮ್ಮನ ಗುಡ್ಡಕ್ಕೆ ಹೊರಟ ಕ್ರೂಸರಿನಲ್ಲಿ ಹಾಡು, ಸಂತೆಗೆ ಹೋಗುವ ಟಂಟಂನಲ್ಲೂ ಹಾಡು. ಹಾಡು ಇರುವ ಕಡೆಯಲ್ಲೆಲ್ಲ ಎಲ್ಲೋ ಒಂದು ಮೂಲೆಯಲ್ಲಿ ಬಿಸಿಯಾಗುತ್ತಿರುವ ಒಂದು ಲೋಹದ ಪೆಟ್ಟಿಗೆ ಇರುತ್ತದೆ. ಅದು ಯಾರ ಕಾಲಡಿಗಿದೆ, ಯಾರ ಬೆನ್ನಿಗಿದೆ, ಯಾವ ಚೀಲದ ಕೆಳಗಿದೆ ಎಂಬುದನ್ನು ಮಾತ್ರ ಯಾರೂ ಗಮನಿಸುವುದಿಲ್ಲ.

ಇಸ್ತ್ರಿ ಪೆಟ್ಟಿಗೆಯ ಲೆಕ್ಕ

ಮೊದಲು ಆ ಪೆಟ್ಟಿಗೆ ಮಾಡುವ ಕೆಲಸವನ್ನು ತಿಳಿಯೋಣ. ಕಾರಿನ ಡ್ಯಾಶ್‌ಬೋರ್ಡಿನಲ್ಲಿರುವ ಸ್ಟೀರಿಯೋದಿಂದ ಬರುವ ಸಣ್ಣ ವಿದ್ಯುತ್ ಸಂಕೇತವನ್ನು ದೊಡ್ಡದು ಮಾಡಿ, ಸ್ಪೀಕರಿನ ಪೊರೆಯನ್ನು ನೂಕುವಷ್ಟು ಶಕ್ತಿ ತುಂಬುವುದು ಆಂಪ್ಲಿಫೈಯರಿನ ಕೆಲಸ. ಈ ಶಕ್ತಿ ಬರುವುದು ಬಾನೆಟ್ಟಿನ ಕೆಳಗಿರುವ 12 ವೋಲ್ಟಿನ ಬ್ಯಾಟರಿಯಿಂದ.

'12 ವೋಲ್ಟ್ ಅಂದ್ರ ಏನ್ ಮಹಾ, ಮುಟ್ಟಿದರ ಶಾಕ್ ಸೈತ ಹೊಡಿಯಾಂಗಿಲ್ಲ' ಎನ್ನುವವರಿದ್ದಾರೆ. ಶಾಕ್ ಹೊಡೆಯುವುದಿಲ್ಲ ಎಂಬುದು ನಿಜ. ಆದರೆ ಬೆಂಕಿ ಹತ್ತಲು ಶಾಕ್ ಹೊಡೆಯಬೇಕೆಂದಿಲ್ಲ. ಮನೆಯಲ್ಲಿರುವ 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆಯನ್ನೇ ತೆಗೆದುಕೊಳ್ಳಿ. ಮನೆಯ 230 ವೋಲ್ಟಿನಲ್ಲಿ ಅದು ಎಳೆಯುವ ಕರೆಂಟು ಸುಮಾರು 4 ಆಂಪಿಯರ್. ಅಷ್ಟೇ ಕೆಲಸವನ್ನು 12 ವೋಲ್ಟಿನಲ್ಲಿ ಮಾಡಿಸಬೇಕಾದರೆ 83 ಆಂಪಿಯರ್ ಬೇಕು. ತಂತಿ ಬಿಸಿಯಾಗುವುದು ಅದರಲ್ಲಿ ಹರಿಯುವ ಆಂಪಿಯರಿನಿಂದ. ಅದಕ್ಕೇ ಇಸ್ತ್ರಿ ಪೆಟ್ಟಿಗೆಯ ವೈರು ಕಿರುಬೆರಳಿಗಿಂತ ತೆಳುವಿದ್ದರೂ ನಡೆಯುತ್ತದೆ, ಕಾರಿನ ದೊಡ್ಡ ಆಂಪ್ಲಿಫೈಯರಿಗೆ ಹೆಬ್ಬೆರಳಿಗೆ ಹತ್ತಿರದ ದಪ್ಪದ ವೈರು ಬೇಕಾಗುತ್ತದೆ.

ಇನ್ನು ಶಾಖ. ಹಳೆಯ ಮಾದರಿಯ, ಅಂಗಡಿಯವರು 'ಕ್ಲಾಸ್ ಎಬಿ' ಎನ್ನುವ ಆಂಪ್ಲಿಫೈಯರು ಬ್ಯಾಟರಿಯಿಂದ ಪಡೆದುದರಲ್ಲಿ ಸುಮಾರು 60 ಪಾಲನ್ನು ಮಾತ್ರ ಸ್ಪೀಕರಿಗೆ ಕೊಡುತ್ತದೆ, ಉಳಿದ 40 ಪಾಲು ಶಾಖವಾಗುತ್ತದೆ. 300 ವ್ಯಾಟ್ ಹೊರಗೆ ಬರಬೇಕಾದರೆ 500 ವ್ಯಾಟ್ ಒಳಗೆ ಹೋಗಬೇಕು. ಅಂದರೆ ಕೋಳಿಮರಿಗಳಿಗೆ ಕಾವು ಕೊಡಲು ಹಚ್ಚುತ್ತಾರಲ್ಲ, ಅಂಥ 100 ವ್ಯಾಟಿನ ಎರಡು ಬಲ್ಬುಗಳಷ್ಟು ಶಾಖ ಆ ಪೆಟ್ಟಿಗೆಯಿಂದ ಹೊರಬೀಳುತ್ತದೆ. 'ಕ್ಲಾಸ್ ಡಿ' ಎನ್ನುವ ಹೊಸ ಮಾದರಿಯಲ್ಲಿ ಈ ನಷ್ಟ ಬಹಳ ಕಡಿಮೆ, ಸುಮಾರು ಒಂದು 60 ವ್ಯಾಟಿನ ಬಲ್ಬಿನಷ್ಟು. ಹಾಡು ಸದಾ ಪೂರ್ತಿ ಜೋರಿನಲ್ಲಿ ಇರುವುದಿಲ್ಲವಾದ್ದರಿಂದ ನಿತ್ಯದ ಶಾಖ ಇದಕ್ಕಿಂತ ಕಡಿಮೆಯೇ. ಆದರೆ ಗುಡ್ಡಕ್ಕೆ ಹೊರಟ ಗಾಡಿಯಲ್ಲಿ ಹಾಡು ಮೆಲ್ಲಗಿರುತ್ತದೆ ಎಂದು ಯಾರು ಹೇಳಿಯಾರು?

ಪೆಟ್ಟಿಗೆಯ ಮೈಮೇಲಿನ ಗೆರೆಗೆರೆಯ ರೆಕ್ಕೆಗಳು ಚೆಂದಕ್ಕೆ ಇಟ್ಟವಲ್ಲ. ಗಾಳಿಗೆ ಹೆಚ್ಚು ಮೈ ಒಡ್ಡಿ ಶಾಖವನ್ನು ಬಿಟ್ಟುಕೊಡಲು ಇರುವಂಥವು. ಮಕ್ಕಳು ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಅಮ್ಮನೋ ಅಜ್ಜಿಯೋ ಹಚ್ಚಿಟ್ಟ ಊದುಬತ್ತಿಯ ಹೊಗೆ ಯಾವ ಕಡೆ ಹೋಗುತ್ತದೆ ನೋಡಿ. ಬಿಸಿಗಾಳಿ ಮೇಲಕ್ಕೇ ಏರುತ್ತದೆ. ಆದ್ದರಿಂದ ರೆಕ್ಕೆಗಳ ಸಾಲು ನೆಟ್ಟಗೆ ನಿಂತಿದ್ದರೆ ಗಾಳಿ ಕೆಳಗಿನಿಂದ ಒಳಬಂದು ಮೇಲಿನಿಂದ ಹೊರಹೋಗುತ್ತದೆ. ಪೆಟ್ಟಿಗೆಯನ್ನು ರೆಕ್ಕೆ ಮೇಲಾಗಿ ಮಲಗಿಸಿದರೂ ತೊಂದರೆ ಇಲ್ಲ. ಬೋರಲು ಹಾಕಿ ತೂಗುಬಿಟ್ಟರೆ ಮಾತ್ರ ಶಾಖ ಮರಳಿ ಅದರ ಹೊಟ್ಟೆಗೇ ಹೋಗುತ್ತದೆ. ಡಿಕ್ಕಿಯ ಮೇಲ್ಗಡೆ ಹಲಗೆಗೆ ತಲೆಕೆಳಗಾಗಿ ಆಂಪ್ಲಿಫೈಯರ್ ಬಿಗಿದಿದ್ದನ್ನು ಕಂಡರೆ, ಬಿಗಿದವರು ಊದುಬತ್ತಿಯನ್ನು ಸರಿಯಾಗಿ ನೋಡಿಲ್ಲವೆಂದೇ ಅರ್ಥ.

ಒಂದೊಂದು ಊರಿಗೆ ಒಂದೊಂದು ವೈರಿ

ಒಂದೇ ಮಾದರಿಯ ಕಾರಿಗೂ ಊರು ಬದಲಾದರೆ ಒಳ್ಳೆಯ ಜಾಗ ಬದಲಾಗುತ್ತದೆ. ಕಿತ್ತೂರಿನ ಕಡೆ ಮಳೆ ಹೆಚ್ಚು, ಪಡುವಣ ಮಲೆನಾಡಿನ ಸೆರಗು ಅದು. ಮಳೆಗಾಲದಲ್ಲಿ ಹೊಲದಿಂದ, ಶಾಲೆಯಿಂದ ಬಂದವರ ಕಾಲಿಗೆ ಅಂಟಿದ ಕೆಸರು, ನೀರು ತೊಟ್ಟಿಕ್ಕುವ ಕೊಡೆ, ಹಸಿ ರೇನ್‌ಕೋಟು ಎಲ್ಲವೂ ಸೀಟಿನ ಕೆಳಗೇ ಹೋಗಿ ಬೀಳುತ್ತವೆ. ಅಕ್ಟೋಬರ್ 23ರಿಂದ 25ರವರೆಗೆ ನಡೆಯುವ ಕಿತ್ತೂರು ಉತ್ಸವದ ಹೊತ್ತಿಗೂ ಮಳೆಯ ಬಾಲ ಉಳಿದಿರುವುದುಂಟು. ಚೆನ್ನಮ್ಮನ ಸೈನ್ಯ 1824ರಲ್ಲಿ ಥ್ಯಾಕರೆಯ ಪಡೆಯನ್ನು ಸೋಲಿಸಿದ ದಿನದ ನೆನಪಿಗೆ ಕೋಟೆಯ ಮುಂದೆ ಸೇರುವ ಗಾಡಿಗಳ ಸಾಲಿನಲ್ಲಿ ಎಷ್ಟು ಮ್ಯಾಟುಗಳು ಹಸಿಯಾಗಿರುತ್ತವೋ! ಇಂಥ ಕಡೆ ಮುಂದಿನ ಸೀಟಿನ ಕೆಳಗೆ ನೆಲಕ್ಕೆ ಅಂಟಿಸಿ ಆಂಪ್ಲಿಫೈಯರ್ ಇಡುವುದು ಒಳ್ಳೆಯದಲ್ಲ. ಇಡಲೇಬೇಕಾದರೆ ನೆಲದಿಂದ ಎರಡು ಬೆರಳು ಎತ್ತರಿಸಿದ ಪಟ್ಟಿಯ ಮೇಲೆ ಇಡಬೇಕು.

ರಾಮದುರ್ಗದಲ್ಲಿ ನೀರು ಬೇರೆ ದಾರಿಯಿಂದ ಬರುತ್ತದೆ. ಅಲ್ಲಿ ಮಳೆ ಕಡಿಮೆ. ಆದರೆ ಮೇಲೆ ಎಲ್ಲೋ ಸುರಿದ ಮಳೆಗೆ ನವಿಲುತೀರ್ಥದ ಅಣೆಕಟ್ಟು ತುಂಬಿ ನೀರು ಬಿಟ್ಟರೆ ಕೆಳಗಿನ ಮಲಪ್ರಭೆ ದಂಡೆ ಮೀರುತ್ತಾಳೆ. 2019ರ ಆಗಸ್ಟಿನ ನೆರೆಯನ್ನು ಆ ಸೀಮೆಯವರು ಮರೆತಿಲ್ಲ. ನೀರಿನಲ್ಲಿ ನಿಂತ ಗಾಡಿಯನ್ನು ಒಣಗಿಸಿ ಮತ್ತೆ ಚಾಲೂ ಮಾಡುವವರು ಎಂಜಿನ್ನು, ಬ್ರೇಕು ನೋಡುತ್ತಾರೆ. ಸೀಟಿನ ಕೆಳಗಿನ ಆಂಪ್ಲಿಫೈಯರನ್ನೂ ಅದರ ಫ್ಯೂಜನ್ನೂ ನೋಡುವುದು ಮರೆತುಹೋಗುತ್ತದೆ. ಒಳಗೆ ಕೆಸರು ಕೂತ ಆಂಪ್ಲಿಫೈಯರಿಗೆ ಬ್ಯಾಟರಿಯ ಕರೆಂಟು ಕೊಡಲೇಬಾರದು. ಅದರ ಫ್ಯೂಜು ತೆಗೆದಿಟ್ಟು, ಬಿಚ್ಚಿ ತೋರಿಸಿದ ಮೇಲೆಯೇ ಮುಂದಿನ ಮಾತು.

ಸವದತ್ತಿಯ ಬಿಸಿಲು ಬೇರೆಯೇ ಪಾಠ ಹೇಳುತ್ತದೆ. ಏಪ್ರಿಲ್ಲಿನಲ್ಲಿ ಗುಡ್ಡದ ಬುಡದ ಬಯಲಿನಲ್ಲಿ ಕಿಟಕಿ ಮುಚ್ಚಿ ನಿಲ್ಲಿಸಿದ ಕಾರಿನ ಒಳಗೆ ಒಂದು ತಾಸಿನಲ್ಲಿ ಹೊರಗಿಗಿಂತ 20 ಡಿಗ್ರಿ ಹೆಚ್ಚು ಶಾಖ ಸೇರುವುದು ಸಾಮಾನ್ಯ. ಹೊರಗೆ 38 ಇದ್ದರೆ ಒಳಗೆ 58. ಹಿಂದಿನ ಗಾಜಿನ ಕೆಳಗಿನ ಹಲಗೆಯ ಮೇಲಂತೂ ಬಿಸಿಲು ನೇರವಾಗಿ ಬೀಳುವುದರಿಂದ ಇನ್ನೂ ಹೆಚ್ಚು. ಸಾಮಾನ್ಯ ಪಿ.ವಿ.ಸಿ. ಹೊದಿಕೆಯ ತಂತಿಗಳು ತಾಳಬಲ್ಲವೆಂದು ಬರೆದಿರುವ ಮಿತಿಯೇ 70 ಡಿಗ್ರಿ. 58ರಿಂದ ಹೊರಟ ಆಂಪ್ಲಿಫೈಯರಿಗೆ ಆ ಮಿತಿ ಎಷ್ಟು ದೂರ? ದೇವರ ದರ್ಶನ ಮುಗಿಸಿ ಬಂದವರು ಕೂಡಲೇ ಹಾಡು ಹಚ್ಚದೆ, ಬಾಗಿಲು ತೆರೆದು, ಹತ್ತು ನಿಮಿಷ ಗಾಳಿಯಾಡಲು ಬಿಟ್ಟರೆ ಮಕ್ಕಳಿಗೂ ಒಳ್ಳೆಯದು, ಆಂಪ್ಲಿಫೈಯರಿಗೂ ಒಳ್ಳೆಯದು. ಇನ್ನು ಬೈಲಹೊಂಗಲದ ಸುತ್ತಿನ ಎರೆಮಣ್ಣಿನ ಧೂಳು. ಹತ್ತಿಯ ಹೊತ್ತಿನಲ್ಲಿ ಆ ಧೂಳಿನ ಜೊತೆ ಹತ್ತಿಯ ನವಿರು ಎಳೆಯೂ ಸೇರಿ, ಗಾಳಿಕಿಂಡಿಯ ಮೇಲೆ ಒಂದು ತೆಳು ಹೊದಿಕೆಯೇ ಆಗಿಬಿಡುತ್ತದೆ. ಒಳಗೆ ಸಣ್ಣ ಫ್ಯಾನಿರುವ ಆಂಪ್ಲಿಫೈಯರ್ ಆದರೆ ಅದು ಧೂಳನ್ನು ಇನ್ನಷ್ಟು ಎಳೆದುಕೊಳ್ಳುತ್ತದೆ. ತಿಂಗಳಿಗೊಮ್ಮೆ ಒಣ ಬ್ರಷ್ ಆಡಿಸುವುದಕ್ಕೆ ಕೈ ತಲುಪುವಂಥ ಜಾಗವೇ ಇಲ್ಲಿ ಬೇಕು.

ಹಾಗಾದರೆ ಎಲ್ಲಿ?

ಬಾನೆಟ್ಟಿನ ಒಳಗೆ ಬೇಡ. ಅಲ್ಲಿ ಎಂಜಿನ್ನಿನ ಶಾಖವಿದೆ, ನೀರಿದೆ, ಎಣ್ಣೆಯಿದೆ. ಈ ಮಾತನ್ನು ಇಷ್ಟಕ್ಕೇ ಬಿಡೋಣ.

ಬಹಳಷ್ಟು ಕಾರುಗಳಿಗೆ ಒಳ್ಳೆಯ ಜಾಗವೆಂದರೆ ಡಿಕ್ಕಿಯ ಪಕ್ಕದ ಗೋಡೆ. ಅಲ್ಲಿ ಬಿಸಿಲು ನೇರವಾಗಿ ಬೀಳುವುದಿಲ್ಲ, ಯಾರ ಕಾಲೂ ತಾಗುವುದಿಲ್ಲ, ರೆಕ್ಕೆಗಳನ್ನು ನೆಟ್ಟಗೆ ನಿಲ್ಲಿಸಬಹುದು. ತಗಡಿಗೆ ನೇರವಾಗಿ ಬಿಗಿಯುವ ಬದಲು ಅರ್ಧ ಇಂಚಿನ ಪ್ಲೈವುಡ್ ತುಂಡನ್ನು ಕಾರಿನಲ್ಲಿ ಮೊದಲೇ ಇರುವ ಬೋಲ್ಟುಗಳಿಗೆ ಹಿಡಿಸಿ, ಆ ಹಲಗೆಗೆ ಆಂಪ್ಲಿಫೈಯರನ್ನು ಬಿಗಿಯುವುದು ಜಾಣತನ. ಹೊಸ ತೂತು ಕೊರೆಯಬೇಕಿಲ್ಲ, ತೂತಿನ ಬಾಯಿಗೆ ತುಕ್ಕು ಹಿಡಿಯುವುದಿಲ್ಲ. ಸುತ್ತಲೂ ಮೂರು ಬೆರಳು ಖಾಲಿ ಜಾಗವಿರಲಿ.

ಹಿಂದಿನ ಸೀಟಿನ ಬೆನ್ನಿಗೆ ಡಿಕ್ಕಿಯ ಕಡೆಯಿಂದ ಬಿಗಿಯುವುದು ಇನ್ನೊಂದು ರೂಢಿ. ಜಾಗ ವಿಶಾಲವಾಗಿದೆ, ಕೆಲಸ ಸುಲಭ, ಅದಕ್ಕೇ ಅಂಗಡಿಯವರಿಗೆ ಇದು ಇಷ್ಟ. ಆದರೆ ಸೀಟಿನ ಬೆನ್ನು ಎಂದರೆ ಒಂದು ತೆಳು ತಗಡು ಅಥವಾ ಹಲಗೆ, ಅದರಾಚೆ ನಾಲ್ಕು ಬೆರಳು ಸ್ಪಂಜು, ಸ್ಪಂಜಿನಾಚೆ ನಿಮ್ಮ ಮಗಳ ಬೆನ್ನು. ಒಂದೂವರೆ ಇಂಚಿನ ಸ್ಕ್ರೂ ಹೊಡೆದರೆ ಅದರ ಮೊನೆ ಎಲ್ಲಿರುತ್ತದೆ ಎಂದು ಅಳೆದು ನೋಡಿ. ಸುಮ್ಮನೆ ಕೂತಾಗ ಚುಚ್ಚದಿರಬಹುದು, ಗಕ್ಕನೆ ಬ್ರೇಕು ಹಾಕಿ ಡಿಕ್ಕಿಯ ಸಾಮಾನೆಲ್ಲ ಸೀಟಿಗೆ ಬಂದು ಅಪ್ಪಳಿಸಿದಾಗ ಸ್ಪಂಜು ಎಷ್ಟು ಉಳಿದೀತು? ಮಡಿಸುವ ಸೀಟಾದರೆ ಪ್ರತಿ ಸಲ ಮಡಿಸಿದಾಗಲೂ ದಪ್ಪ ವೈರು ಒಂದೇ ಕಡೆ ಬಾಗಿ ಬಾಗಿ ಒಳಗಿನ ಎಳೆಗಳು ಮುರಿಯುತ್ತವೆ. ಚಿಕ್ಕ ಮಗುವಿನ ಸೀಟು ಕಟ್ಟುವ ಕೊಂಡಿಗಳೂ ಅದೇ ಸುತ್ತಿನಲ್ಲಿರುತ್ತವೆ, ಅವುಗಳ ಬೋಲ್ಟನ್ನು ಬಿಚ್ಚುವುದಾಗಲಿ, ಅದಕ್ಕೆ ಏನನ್ನಾದರೂ ಸಿಕ್ಕಿಸುವುದಾಗಲಿ ಕೂಡದು.

ಬೇಸ್ ಬಾಕ್ಸಿನ ಮೈಗೇ ಆಂಪ್ಲಿಫೈಯರನ್ನು ಬಿಗಿಯುವುದಂತೂ ನೋಡಲು ಅಚ್ಚುಕಟ್ಟು. ಆದರೆ ಬೇಸಿನ ಪ್ರತಿ ಬಡಿತಕ್ಕೂ ಆ ಹಲಗೆ ನಡುಗುತ್ತದೆ. ವರ್ಷಗಟ್ಟಲೆ ನಡುಗಿದರೆ ಒಳಗಿನ ಬೆಸುಗೆ ಬಿರುಕು ಬಿಡುತ್ತದೆ, ತಂತಿ ಹಿಡಿದ ಸ್ಕ್ರೂಗಳು ಸಡಿಲಾಗುತ್ತವೆ. ಸಡಿಲಾದ ಸ್ಕ್ರೂವಿನ ಬಳಿಯೇ ಕಿಡಿ ಹುಟ್ಟುವುದು.

ಸ್ಟೆಪ್ನಿಯ ಗುಂಡಿಯಲ್ಲಿ ಇಡುವ ಯೋಚನೆ ಕೆಲವರಿಗೆ ಬರುತ್ತದೆ. ಸೇರಿದ ನೀರು ಇಳಿಯುವುದು ಅಲ್ಲಿಗೇ. ರಾತ್ರಿ ಯರಗಟ್ಟಿಯ ದಾರಿಯಲ್ಲಿ ಗಾಲಿ ಪಂಕ್ಚರಾದರೆ ಮೊದಲು ಆಂಪ್ಲಿಫೈಯರ್ ಬಿಚ್ಚಿ, ಆಮೇಲೆ ಜಾಕು ತೆಗೆಯಬೇಕಾಗುತ್ತದೆ.

ಮುಂದಿನ ಸೀಟಿನ ಕೆಳಗಿನ ಜಾಗ ಸಣ್ಣ 'ಕ್ಲಾಸ್ ಡಿ' ಆಂಪ್ಲಿಫೈಯರಿಗೆ ಹೊಂದುತ್ತದೆ, ಒಣ ಸೀಮೆಯ ಕಾರಿಗೆ ಕೆಟ್ಟದ್ದೇನಲ್ಲ. ಕೂಡಿಸುವ ಮೊದಲು ಸೀಟನ್ನು ಪೂರ್ತಿ ಹಿಂದೆ, ಪೂರ್ತಿ ಮುಂದೆ ಸರಿಸಿ ನೋಡಬೇಕು. ಈಗಿನ ಕಾರುಗಳಲ್ಲಿ ಸೀಟಿನ ಕೆಳಗೆ ಹಳದಿ ಬಣ್ಣದ ಪ್ಲಗ್ಗು, ಹಳದಿ ಹೊದಿಕೆಯ ತಂತಿ ಕಂಡರೆ ಅದು ಏರ್‌ಬ್ಯಾಗಿನದು. ಅದನ್ನು ಕೀಳಬಾರದು, ಅದರಿಂದ ಕರೆಂಟು ಕದಿಯಬಾರದು, ಅದರ ಮೇಲೆ ಪೆಟ್ಟಿಗೆ ಕೂಡಿಸಬಾರದು. ಚಾಲಕನ ಸೀಟಿನ ಕೆಳಗಿಗಿಂತ ಪಕ್ಕದ ಸೀಟಿನ ಕೆಳಗು ಮೇಲು, ಏಕೆಂದರೆ ಸಡಿಲಾಗಿ ಮುಂದಕ್ಕೆ ಜಾರಿದ ಪೆಟ್ಟಿಗೆ ಬ್ರೇಕಿನ ಪೆಡಲಿನ ಅಡಿಗೆ ಹೋಗಿ ಸಿಕ್ಕಿಕೊಳ್ಳಬಾರದು.

ಕೊರೆಯುವ ಮೊದಲು ಕೆಳಗೆ ಬಗ್ಗಿ ನೋಡಿ

ಡ್ರಿಲ್ಲಿನ ಸದ್ದು ಕೇಳಿದಾಗ ಮಾಲೀಕರು ಚಹಾ ಕುಡಿಯಲು ಹೋಗಬಾರದು. ಬಹಳಷ್ಟು ಸಣ್ಣ ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕು ಇರುವುದು ಹಿಂದಿನ ಸೀಟಿನ ನೇರ ಕೆಳಗೆ. ಬ್ರೇಕಿನ ಪೈಪು, ಪೆಟ್ರೋಲಿನ ಪೈಪು ನೆಲದ ತಗಡಿಗೆ ಅಂಟಿಕೊಂಡೇ ಸಾಗುತ್ತವೆ. ಒಳಗಿನಿಂದ ನೋಡಿದರೆ ಇವೇನೂ ಕಾಣುವುದಿಲ್ಲ. ತೂತು ಬೇಕಾದ ಕಡೆ ಕೆಳಗಿನಿಂದ ಟಾರ್ಚು ಹಿಡಿದು ನೋಡಿದ ಮೇಲೆಯೇ ಡ್ರಿಲ್ಲು ಹಿಡಿಯಬೇಕು.

ಗ್ಯಾಸ್ ಕಿಟ್ ಇರುವ ಗಾಡಿಯದು ಇನ್ನೂ ಸೂಕ್ಷ್ಮ. ಸಿ.ಎನ್.ಜಿ. ಸಿಲಿಂಡರಿನ ಒಳಗಿನ ಒತ್ತಡ ಸುಮಾರು 200 ಬಾರ್, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ 200 ಪಟ್ಟು. ಸಿಲಿಂಡರಿಗಾಗಲಿ ಅದನ್ನು ಹಿಡಿದ ಪಟ್ಟಿಗಾಗಲಿ ಆಂಪ್ಲಿಫೈಯರ್ ಬಿಗಿಯುವುದು ಎಂದೆಂದೂ ಬೇಡ. ಇನ್ನೊಂದು ವಿಷಯ: ಸಿ.ಎನ್.ಜಿ. ಗಾಳಿಗಿಂತ ಹಗುರ, ಸೋರಿದರೆ ಮೇಲಕ್ಕೆ ಹೋಗುತ್ತದೆ. ಎಲ್.ಪಿ.ಜಿ. ಗಾಳಿಗಿಂತ ಭಾರ, ಸೋರಿದರೆ ಡಿಕ್ಕಿಯ ತಳದಲ್ಲಿ ನೀರಿನಂತೆ ಮಡುಗಟ್ಟುತ್ತದೆ. ಕಿಡಿ ಹಾರಬಲ್ಲ ಪೆಟ್ಟಿಗೆ ಆ ತಳದಲ್ಲಿ ಇರುವುದು ಯಾವ ಬುದ್ಧಿವಂತಿಕೆ? ಇಂಥ ಗಾಡಿಯ ಡಿಕ್ಕಿಯಲ್ಲಿ ಆಂಪ್ಲಿಫೈಯರ್ ಕೂಡಿಸದೆ, ಪಕ್ಕದ ಸೀಟಿನ ಕೆಳಗೆ ಚಿಕ್ಕದೊಂದನ್ನು ಹಾಕಿಸಿ ತೃಪ್ತರಾಗುವುದೇ ಸರಿ ಎಂದು ನನ್ನ ಅಭಿಪ್ರಾಯ.

ವೈರಿನ ವಿಷಯದಲ್ಲಿ ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕು. ಬ್ಯಾಟರಿಯಿಂದ ಹೊರಟ ದಪ್ಪ ವೈರಿಗೆ ಬ್ಯಾಟರಿಯ ಹತ್ತಿರವೇ, ಒಂದೂವರೆ ಅಡಿಯೊಳಗೆ, ಫ್ಯೂಜು ಇರಬೇಕು. 'ಆಂಪ್ಲಿಫೈಯರಿನಾಗ ಫ್ಯೂಜ್ ಐತಲ್ರಿ' ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಆ ಫ್ಯೂಜು ಕಾಯುವುದು ಆಂಪ್ಲಿಫೈಯರನ್ನು. ಬ್ಯಾಟರಿಯಿಂದ ಡಿಕ್ಕಿಯವರೆಗೆ ಕಾರಿನ ಉದ್ದಕ್ಕೂ ಸಾಗಿದ ವೈರನ್ನು ಕಾಯುವವರು ಯಾರು? ಬಾಗಿಲಿನ ಹೊಸ್ತಿಲಲ್ಲೋ, ಎಂಜಿನ್ನಿನ ಗೋಡೆಯ ತೂತಿನಲ್ಲೋ ಆ ವೈರಿನ ಹೊದಿಕೆ ಸವೆದು ತಗಡಿಗೆ ತಾಗಿತೆನ್ನಿ. ಎಂಜಿನ್ನು ತಿರುಗಿಸಲು ನೂರಾರು ಆಂಪಿಯರ್ ಕೊಡಬಲ್ಲ ಬ್ಯಾಟರಿ ಅದಷ್ಟನ್ನೂ ಆ ವೈರಿಗೆ ಸುರಿಯುತ್ತದೆ. ವೈರು ಕೆಂಪಗೆ ಕಾಯಲು ಕೆಲವು ಕ್ಷಣ ಸಾಕು, ಅದರ ಮೇಲೆ ಕಾರ್ಪೆಟ್ಟು, ಕಾರ್ಪೆಟ್ಟಿನ ಮೇಲೆ ಮಕ್ಕಳ ಕಾಲು. ಬ್ಯಾಟರಿಯ ಬಳಿಯ ಫ್ಯೂಜು ಆಗ ತಾನು ಸುಟ್ಟು ಉಳಿದುದನ್ನು ಉಳಿಸುತ್ತದೆ. ತಗಡಿನ ತೂತಿನೊಳಗೆ ವೈರು ಹಾಯುವ ಕಡೆಯೆಲ್ಲ ರಬ್ಬರಿನ ಬಳೆ ಇರಬೇಕು.

ಅಗ್ಗದ ವೈರು ಕಿಟ್ಟುಗಳಲ್ಲಿ ಅಲ್ಯುಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟಿರುತ್ತಾರೆ. ಅಲ್ಯುಮಿನಿಯಂ ಕರೆಂಟು ಸಾಗಿಸುವುದು ತಾಮ್ರದ 60 ಪಾಲಿನಷ್ಟೇ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಂಡುಬಿಡುತ್ತದೆ. ಅಂಥದ್ದನ್ನೇ ಹಾಕುವುದಾದರೆ ಇನ್ನೂ ದಪ್ಪನೆಯದು ಬೇಕು. ಅರ್ಥಿಂಗ್ ವೈರು ಚಿಕ್ಕದಿರಲಿ, ಬಣ್ಣ ಕೆರೆದ ಬೋಳು ತಗಡಿಗೆ ಬೋಲ್ಟಿನಿಂದ ಬಿಗಿಯಲಿ. ಹತ್ತಿರದಲ್ಲಿದೆ ಎಂದು ಸೀಟ್ ಬೆಲ್ಟಿನ ಬೋಲ್ಟಿಗೆ ಸಿಕ್ಕಿಸುವ ಅಭ್ಯಾಸ ಕೆಲವರಿಗಿದೆ, ಅದು ಬೇಡ. ಆ ಬೋಲ್ಟಿಗೆ ಇರುವುದು ಒಂದೇ ಕೆಲಸ.

3 ಕಿಲೋ ಯಾವಾಗ 60 ಕಿಲೋ ಆಗುತ್ತದೆ?

ಗಣಿತ ಇಷ್ಟಪಡುವ ಮಕ್ಕಳಿಗೆ ಒಂದು ಲೆಕ್ಕ. ತಾಸಿಗೆ 50 ಕಿಲೋಮೀಟರ್ ವೇಗದಲ್ಲಿ ಬಂದ ಕಾರು ಮರಕ್ಕೆ ಬಡಿದು ಅರ್ಧ ಮೀಟರಿನೊಳಗೆ ನಿಂತಿತು ಎಂದುಕೊಳ್ಳಿ. ಆ ವೇಗ ಸೆಕೆಂಡಿಗೆ ಸುಮಾರು 14 ಮೀಟರ್. ವೇಗದ ವರ್ಗವನ್ನು ದೂರದ ಎರಡರಷ್ಟರಿಂದ ಭಾಗಿಸಿದರೆ ಸಿಗುವುದು 196. ಭೂಮಿಯ ಗುರುತ್ವ ವೇಗೋತ್ಕರ್ಷ 9.8, ಅದರ 20 ಪಟ್ಟು ಇದು. ಅಂದರೆ 3 ಕಿಲೋದ ಆಂಪ್ಲಿಫೈಯರನ್ನು ಆ ಕ್ಷಣದಲ್ಲಿ ಹಿಡಿದಿಡಲು 60 ಕಿಲೋದ ಮೂಟೆಯನ್ನು ಎತ್ತಿ ಹಿಡಿಯುವಷ್ಟು ಬಲ ಬೇಕು. ಎರಡು ಬದಿಯ ಟೇಪು, ವೆಲ್ಕ್ರೋ ಪಟ್ಟಿ, ತೆಳು ಹಗ್ಗ ಯಾವುದೂ ಅದನ್ನು ತಡೆಯಲಾರವು. ಹಿಂದಿನ ಗಾಜಿನ ಹಲಗೆಯ ಮೇಲೆ ಸುಮ್ಮನೆ ಇಟ್ಟ ಆಂಪ್ಲಿಫೈಯರ್ ಇರುವುದು ಹಿಂದೆ ಕೂತವರ ತಲೆಯ ಮಟ್ಟದಲ್ಲಿ.

ಗುಡ್ಡದ ಗಾಡಿ, ಕಬ್ಬಿನ ಗಾಡಿ

ಬನದ ಹುಣ್ಣಿಮೆಗೋ ಭಾರತ ಹುಣ್ಣಿಮೆಗೋ ಎಲ್ಲಮ್ಮನ ಗುಡ್ಡಕ್ಕೆ ಬರುವ ಕ್ರೂಸರುಗಳನ್ನು ನೋಡಿದವರಿಗೆ ಗೊತ್ತು. ಮೇಲೆ ಕ್ಯಾರಿಯರಿನಲ್ಲಿ ಸೌದೆ, ಹಾಸಿಗೆ, ಒಳಗೆ ಜನ, ಜನರ ನಡುವೆ ಚೀಲ, ಹಿಂಭಾಗದಲ್ಲಿ ರೊಟ್ಟಿಯ ಬುಟ್ಟಿ, ಸ್ಟೌ, ಕಂಬಳಿ, ಚಾದರ. ಅಲ್ಲೇ ಹೋಗಿ ಪಡ್ಲಿಗಿ ತುಂಬಿಸಿ, ಅಡಿಗೆ ಮಾಡಿ ಉಂಡು, ರಾತ್ರಿ ಉಳಿದು ಬರುವ ಸಂಸಾರವದು. 'ಉಧೋ ಉಧೋ' ಎನ್ನುತ್ತ ಗಾಡಿ ಗುಡ್ಡ ಹತ್ತುತ್ತದೆ, ಹಾಡು ಪೂರ್ತಿ ಜೋರಿನಲ್ಲಿರುತ್ತದೆ, ನಿದ್ದೆ ಬಂದ ಸಣ್ಣ ಹುಡುಗನನ್ನು ಹಿಂದಿನ ಗಂಟುಗಳ ಮೇಲೆ ಮಲಗಿಸಿರುತ್ತಾರೆ. ಆ ಗಂಟುಗಳ ಕೆಳಗೆ ಆಂಪ್ಲಿಫೈಯರ್!

ಕಂಬಳಿ ಹೊದ್ದ ಆಂಪ್ಲಿಫೈಯರಿಗೆ ಉಸಿರಾಡಲು ದಾರಿಯಿಲ್ಲ. ಹಲವು ಆಂಪ್ಲಿಫೈಯರುಗಳಲ್ಲಿ ಶಾಖ ಮಿತಿ ಮೀರಿದರೆ ತಾನಾಗಿ ಬಂದ್ ಆಗುವ ಏರ್ಪಾಡು ಇರುತ್ತದೆ. ಹಾಡು ನಿಂತಿತೆಂದು ಚಾಲಕ ಮತ್ತೆ ಮತ್ತೆ ಹಚ್ಚುತ್ತಾನೆ. ನಡುನಡುವೆ ತಾನಾಗಿ ನಿಲ್ಲುವ ಹಾಡು ಆಂಪ್ಲಿಫೈಯರ್ ಕೂಗಿ ಹೇಳುತ್ತಿರುವ ಮಾತು ಎಂದು ತಿಳಿಯಬೇಕು. ಇನ್ನು ಭಂಡಾರ. ಗುಡ್ಡದಲ್ಲಿ ಮೈಮೇಲೆ, ಗಾಡಿಯ ಮೇಲೆ ಎರಚಿದ ಅರಿಸಿನದ ನುಣ್ಣನೆ ಪುಡಿ ಗಾಳಿಕಿಂಡಿಗಳ ಒಳಗೂ ಸೇರುತ್ತದೆ. ಊರಿಗೆ ಬಂದ ಮೇಲೆ ಸೀಟು ಒರೆಸುವವರು ಅದನ್ನೂ ಒಮ್ಮೆ ಒಣಬಟ್ಟೆಯಿಂದ ಒರೆಸಿದರೆ ಸಾಕು. ಪ್ರಯಾಣದ ಗಾಡಿಗಳಲ್ಲಿ ಆಂಪ್ಲಿಫೈಯರಿಗೆ ಒಂದು ತೂತಿನ ತಗಡಿನ ಅಥವಾ ಜಾಲರಿಯ ಪಂಜರ ಮಾಡಿಸಿ, ಗಂಟು ಮೇಲೆ ಬಿದ್ದರೂ ನಡುವೆ ಗಾಳಿಯ ಜಾಗ ಉಳಿಯುವಂತೆ ಮಾಡುವುದು ದೊಡ್ಡ ಖರ್ಚಿನ ಕೆಲಸವಲ್ಲ. ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಆಗುತ್ತದೆ.

ಕಬ್ಬಿನ ಟ್ರ್ಯಾಕ್ಟರಿನವರ ಹಾಡಿನ ಬಗ್ಗೆ ಊರೆಲ್ಲ ಬೈಯುತ್ತದೆ. ನನಗೆ ಅವರ ಮೇಲೆ ಪೂರ್ತಿ ಸಿಟ್ಟು ಬರುವುದಿಲ್ಲ. ಎರಡು ಟ್ರೇಲರ್ ಕಬ್ಬು ಕಟ್ಟಿಕೊಂಡು, ರಾತ್ರಿಯೆಲ್ಲ ಕಾರ್ಖಾನೆಯ ಸಾಲಿನಲ್ಲಿ ಕಾದು, ನಿದ್ದೆಗೆಟ್ಟು ಓಡಿಸುವ ಹುಡುಗನಿಗೆ ಎಚ್ಚರವಿಡುವ ಗೆಳೆಯ ಆ ಹಾಡೊಂದೇ. ಆದರೆ ಗೆಳೆಯ ಕೂರುವ ಜಾಗ ಸರಿಯಿರಬೇಕು. ಬ್ಯಾಟರಿಯ ಪೆಟ್ಟಿಗೆಯಲ್ಲೇ ಆಂಪ್ಲಿಫೈಯರನ್ನೂ ತುರುಕಿ ಮುಚ್ಚಳ ಹಾಕಬಾರದು. ಚಾರ್ಜ್ ಆಗುವಾಗ ಬ್ಯಾಟರಿ ಜಲಜನಕ ಬಿಡುತ್ತದೆ, ಮುಚ್ಚಿದ ಡಬ್ಬಿಯಲ್ಲಿ ಅದು ಸೇರಿಕೊಂಡಾಗ ಒಂದು ಕಿಡಿ ಸಾಕು. ಮಡ್‌ಗಾರ್ಡಿನ ಮೇಲೆ ಹಗ್ಗದಿಂದ ಕಟ್ಟಿದ್ದು ಕುಲುಕಾಟಕ್ಕೆ ಸಡಿಲಾಗಿ ಕ್ಲಚ್ಚು, ಬ್ರೇಕುಗಳ ಮೇಲೆ ಬೀಳುತ್ತದೆ. ಮೇಲಿನ ಚಾವಣಿಯ ಕೆಳಗೆ, ಹಿಂಬದಿಯ ಕಂಬಿಗೆ, ಕಬ್ಬಿಣದ ಪಟ್ಟಿ ಬೆಸೆದು, ರಬ್ಬರ್ ವಾಷರ್ ಹಾಕಿ ನೆಟ್ಟಗೆ ಬಿಗಿಯುವುದು ಇದ್ದುದರಲ್ಲಿ ಒಳ್ಳೆಯದು.

ಸದ್ದಿನದೇ ಒಂದು ಅಪಾಯ ಬೇರೆ ಇದೆ. ಟ್ರ್ಯಾಕ್ಟರಿಗೆ ಟ್ರೇಲರ್ ಜೋಡಿಸುವಾಗ ಒಬ್ಬ ನಡುವೆ ನಿಂತು ಪಿನ್ನು ಹಾಕುತ್ತಾನೆ. 'ನಿಲ್ಲೋ, ನಿಲ್ಲೋ' ಎಂದು ಅವನು ಕೂಗಿದ್ದು ಚಾಲಕನಿಗೆ ಕೇಳಲೇಬೇಕು. ಆಂಪ್ಲಿಫೈಯರ್ ಬಂದ್ ಮಾಡುವ ಒಂದು ಸ್ವಿಚ್ಚು ಚಾಲಕನ ಎಡಗೈಗೆ ಸಿಗುವಂತಿರಲಿ. ಗೇರು ಹಿಂದಕ್ಕೆ ಹಾಕುವ ಮೊದಲು ಅದನ್ನು ಆರಿಸುವುದು ರೂಢಿಯಾಗಲಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಹಿರಂಗವಾಗಿ ಧ್ವನಿವರ್ಧಕ ಬಳಸಬಾರದೆಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಪರೀಕ್ಷೆಗೆ ಓದುವ ಮಕ್ಕಳಿರುವ ಓಣಿಯಲ್ಲಿ ಹಾದುಹೋಗುವಾಗಲಾದರೂ ಅದು ನೆನಪಿರಬೇಕು. ಕಿವಿಯ ಲೆಕ್ಕವೂ ಕಟ್ಟುನಿಟ್ಟು: 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ತಾಸು ತಾಳಬಹುದಾದರೆ, ಪ್ರತಿ 3 ಡೆಸಿಬಲ್ ಏರಿಕೆಗೆ ಆ ಅವಧಿ ಅರ್ಧವಾಗುತ್ತದೆ. 100 ಡೆಸಿಬಲ್ಲಿಗೆ ಉಳಿಯುವುದು ಕಾಲು ತಾಸು ಮಾತ್ರ. ಮಕ್ಕಳಿರುವ ಮುಚ್ಚಿದ ಕಾರಿನಲ್ಲಿ ಬೇಸ್ ಎದೆಗೆ ಗುದ್ದುತ್ತಿದ್ದರೆ ಆ ಕಾಲು ತಾಸು ಬೈಲಹೊಂಗಲ ದಾಟುವುದರೊಳಗೇ ಮುಗಿದಿರುತ್ತದೆ.

ಒಂದು ವಾರ ರಟ್ಟಿನ ಆಂಪ್ಲಿಫೈಯರ್

ಜಾಗ ಆರಿಸುವ ಕೆಲಸದಲ್ಲಿ ಮನೆಯ ಮಕ್ಕಳನ್ನು ಸೇರಿಸಿಕೊಳ್ಳಲು ಒಳ್ಳೆಯ ಉಪಾಯವೊಂದಿದೆ. ಅಂಗಡಿಯಲ್ಲಿ ನೋಡಿ ಬಂದ ಆಂಪ್ಲಿಫೈಯರಿನ ಉದ್ದ, ಅಗಲ, ಎತ್ತರ ಬರೆದುಕೊಳ್ಳಿ. ಬಿಸ್ಕೀಟಿನ ರಟ್ಟಿನ ಡಬ್ಬಿಯನ್ನು ಕತ್ತರಿಸಿ ಅದೇ ಅಳತೆಯ ಪೆಟ್ಟಿಗೆಯೊಂದನ್ನು ಮಕ್ಕಳು ಮಾಡಲಿ. ಅದರ ಸುತ್ತ ಮೂರು ಬೆರಳಿನ ಅಂತರಕ್ಕೆ ಬಣ್ಣದ ಕಾಗದ ಅಂಟಿಸಲಿ. ಆಮೇಲೆ ನೀವು ಯೋಚಿಸಿದ ಜಾಗದಲ್ಲಿ ಅದನ್ನು ಅಂಟಿಸಿ ಒಂದು ವಾರ ಬಿಡಿ. ಶಾಲೆಗೆ ಹೋಗಿ, ಸಂತೆ ಮಾಡಿ, ಅಜ್ಜಿಯ ಊರಿಗೆ ಹೋಗಿ ಬನ್ನಿ, ಆಗುವುದಾದರೆ ಒಮ್ಮೆ ಕಾರು ತೊಳೆಯಿರಿ.

ವಾರದ ಕೊನೆಗೆ ಆ ರಟ್ಟನ್ನು ತೆಗೆದು ನೋಡಿ. ಮೂಲೆ ಜಜ್ಜಿದ್ದರೆ ಅಲ್ಲಿ ಸಾಮಾನು ಬಡಿಯುತ್ತದೆ. ಮೆತ್ತಗಾಗಿದ್ದರೆ ಅಲ್ಲಿಗೆ ನೀರು ಬರುತ್ತದೆ. ಬಣ್ಣದ ಕಾಗದದ ಮೇಲೆ ಕೊತ್ತಂಬರಿಯ ಕಟ್ಟು, ಸ್ವೆಟರು, ಕ್ರಿಕೆಟ್ ಬ್ಯಾಟು ಕೂತಿದ್ದರೆ ಗಾಳಿಗೆ ಜಾಗ ಉಳಿಯುವುದಿಲ್ಲ. ಶೂಗಳ ಗುರುತು ಬಿದ್ದಿದ್ದರೆ ಅದು ಯಾರ ಶೂ ಎಂದು ಕೇಳಿ, ಆ ಕಾಲು ಪ್ರತಿದಿನ ಅಲ್ಲೇ ಇರುತ್ತದೆ. ರಟ್ಟು ಹೇಗಿಟ್ಟಿತ್ತೋ ಹಾಗೇ ಉಳಿದ ಜಾಗ ಸಿಗುವವರೆಗೆ ಜಾಗ ಬದಲಿಸುತ್ತ ಹೋಗಿ.

ಅದಾದ ಮೇಲೆ ಬೆಳಗಾವಿಗೋ ಹುಬ್ಬಳ್ಳಿಗೋ ಹೋಗುವಾಗ ರಟ್ಟಿನ ಪೆಟ್ಟಿಗೆಯನ್ನೂ ಜೊತೆಗೆ ಒಯ್ಯಿರಿ. ಕೂಡಿಸುವವರಿಗೆ ಕೈ ತೋರಿಸಿ 'ಅಣ್ಣಾ, ಇಲ್ಲೇ ಕೂಡಸ್ರಿ' ಎನ್ನುವ ಕೆಲಸವನ್ನು ಅದನ್ನು ಮಾಡಿದ ಮಗುವಿಗೇ ಬಿಡಿ. ಕೆಲಸ ಮುಗಿದ ದಿನ ಒಂದು ತಾಸು ಹಾಡು ಹಚ್ಚಿ, ಗಾಡಿ ನಿಲ್ಲಿಸಿ, ಹಿಂಗೈಯನ್ನು ಪೆಟ್ಟಿಗೆಯ ಮೇಲೆ ಇಡಿ. ಹತ್ತು ಎಣಿಸುವವರೆಗೆ ಕೈ ಇಡಲು ಆಗುವುದಾದರೆ ಜಾಗಕ್ಕೆ ಗಾಳಿಯಿದೆ. ಮೂರಕ್ಕೇ ಕೈ ತೆಗೆಯಬೇಕಾಗಿ ಬಂದರೆ ಅದೇ ದಿನ ಗಾಡಿಯನ್ನು ಮರಳಿ ಅಂಗಡಿಗೆ ಒಯ್ಯಬೇಕು.